ಹೆಸರಳಿಸಿದ ಲೆಕ್ಕ

ಲೆಕ್ಕವೆಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಎಣಿಸುವುದು ಒಂದು, ಗಣನೆಗೆ ತೆಗೆದುಕೊಳ್ಳುವುದು ಇನ್ನೊಂದು. "ಅವನನ್ನು ಯಾರೂ ಲೆಕ್ಕಕ್ಕೇ ಇಡಲಿಲ್ಲ" ಎಂದು ಹಳ್ಳಿಯ ಹಿರಿಯರು ನೊಂದು ನುಡಿಯುವಾಗ ಈ ಎರಡನೆಯ ಅರ್ಥವೇ ಮುಂದಾಗಿರುತ್ತದೆ. ದೇಶದ ರಾಜಕಾರಣದ ಬಗ್ಗೆ ಸಾಮಾನ್ಯ ಗೃಹಸ್ಥನ ಮನದಲ್ಲಿ ಮಡುಗಟ್ಟಿರುವ ಬೇಸರವನ್ನು ಬಿಡಿಸಿ ನೋಡಿದರೆ ಈ ಎರಡು ಅರ್ಥಗಳೂ ಅಲ್ಲಿ ಕೂಡಿಕೊಂಡಿರುವುದು ಕಾಣುತ್ತದೆ. ಅವನಿಗೆ ಲೆಕ್ಕ ಒಪ್ಪಿಸುವವರಿಲ್ಲ. ಆದುದರಿಂದಲೇ ತಾನು ಯಾರ ಲೆಕ್ಕಕ್ಕೂ ಇಲ್ಲವೆಂಬ ನೋವು ಅವನದು.

ಸದ್ಭಕ್ತರು ಒಂದು ಸಂಗತಿಯನ್ನು ಆಲೋಚಿಸಬೇಕು. ಈ ಗೃಹಸ್ಥನು ಮಾತ್ರ ಸರ್ಕಾರಕ್ಕೆ ಸಂಪೂರ್ಣವಾಗಿ ಲೆಕ್ಕ ಕೊಡುವವನಾಗಿದ್ದಾನೆ. ಪಡಿತರದ ಅಕ್ಕಿಗೆ ಹೆಬ್ಬೆರಳೊತ್ತಬೇಕು. ಬೆಳೆ ಪರಿಹಾರಕ್ಕೆ ಪಹಣಿ, ಆಧಾರ್, ಬ್ಯಾಂಕಿನ ಪುಸ್ತಕ ಮೂರರಲ್ಲಿಯೂ ಹೆಸರು ಹೊಂದಿಕೆಯಾಗಬೇಕು. ಒಂದರಲ್ಲಿ 'ಬಸಪ್ಪ', ಇನ್ನೊಂದರಲ್ಲಿ 'ಬಸವಪ್ಪ' ಎಂದಿದ್ದರೆ ಹಣ ನಿಂತುಹೋಗುತ್ತದೆ. ಒಂದಕ್ಷರದ ವ್ಯತ್ಯಾಸವನ್ನು ಸಹಿಸದ ಇದೇ ವ್ಯವಸ್ಥೆಯು ಮತ್ತೊಂದು ಕಡೆ ಹೆಸರನ್ನೇ ಸಂಪೂರ್ಣವಾಗಿ ಮರೆಮಾಡಿ ಸಾವಿರಾರು ಕೋಟಿ ರೂಪಾಯಿಗಳನ್ನು ಸಾಗಲು ಬಿಟ್ಟಿತು.

2017ರ ಹಣಕಾಸು ಕಾಯಿದೆಯ ಮೂಲಕ ದಾರಿ ಮಾಡಿಕೊಂಡು 2018ರ ಜನವರಿಯಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ ಯೋಜನೆಯ ಮಾತಿದು. ಒಂದು ಸಾವಿರದಿಂದ ಒಂದು ಕೋಟಿ ರೂಪಾಯಿವರೆಗಿನ ಬಾಂಡುಗಳನ್ನು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ರಾಜಕೀಯ ಪಕ್ಷಕ್ಕೆ ಅರ್ಪಿಸಬಹುದಿತ್ತು. ಕೊಂಡವರು ಯಾರೆಂಬುದು ಬ್ಯಾಂಕಿಗೆ ಗೊತ್ತಿತ್ತು, ಮತದಾರನಿಗೆ ಗೊತ್ತಾಗುವಂತಿರಲಿಲ್ಲ. ಕಂಪನಿಯೊಂದು ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 7.5ಕ್ಕಿಂತ ಹೆಚ್ಚು ದೇಣಿಗೆ ಕೊಡಬಾರದೆಂಬ ಮಿತಿಯನ್ನೂ ಅದೇ ಸಂದರ್ಭದಲ್ಲಿ ತೆಗೆದುಹಾಕಲಾಯಿತು. ಲಾಭವೇ ಇಲ್ಲದ ಕಂಪನಿಯೂ ಕೊಡಬಹುದೆಂದಾಯಿತು! ಲಾಭವಿಲ್ಲದವನು ಕೊಡುವ ಕೋಟಿಯು ಎಲ್ಲಿಂದ ಬಂದೀತೆಂದು ಕೇಳಲು ಅರ್ಥಶಾಸ್ತ್ರದ ಪಾಂಡಿತ್ಯ ಬೇಕಿಲ್ಲ.

2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ ಈ ಯೋಜನೆಯನ್ನು ಅಸಾಂವಿಧಾನಿಕವೆಂದು ಸಾರಿತು. ವಿವರಗಳನ್ನು ಒಪ್ಪಿಸಲು ಜೂನ್ 30ರವರೆಗೆ ಕಾಲಾವಕಾಶ ಬೇಕೆಂದು ಬ್ಯಾಂಕು ಬೇಡಿತು. ಲೋಕಸಭಾ ಚುನಾವಣೆಯು ಅಷ್ಟರಲ್ಲಿ ಮುಗಿದೇ ಹೋಗುತ್ತಿತ್ತು. ಮಾರ್ಚ್ 11ರಂದು ನ್ಯಾಯಾಲಯ ಆ ಬೇಡಿಕೆಯನ್ನು ತಳ್ಳಿಹಾಕಿದೊಡನೆ ಮರುದಿನವೇ ಬ್ಯಾಂಕು ವಿವರಗಳನ್ನು ಒಪ್ಪಿಸಿತು. ನಾಲ್ಕು ತಿಂಗಳ ಕೆಲಸವೆಂದದ್ದು ಒಂದು ದಿನದಲ್ಲಿ ಮುಗಿದ ಈ ಬೆಡಗನ್ನು ತಾಲೂಕು ಕಚೇರಿಗೆ ಅಲೆದವರೆಲ್ಲರೂ ಬಲ್ಲರು. ಮಾರಾಟವಾಗಿದ್ದ ಬಾಂಡುಗಳ ಮೊತ್ತ 16,000 ಕೋಟಿ ರೂಪಾಯಿಗೂ ಮಿಕ್ಕಿತ್ತು. ಕೇಂದ್ರವನ್ನು ಆಳುವ ಭಾರತೀಯ ಜನತಾ ಪಕ್ಷಕ್ಕೆ ಅತಿ ದೊಡ್ಡ ಪಾಲು ಸಂದಿದ್ದಿತು. ಕಾಂಗ್ರೆಸ್, ತೃಣಮೂಲ ಕಾಂಗ್ರೆಸ್, ಭಾರತ ರಾಷ್ಟ್ರ ಸಮಿತಿಗಳೂ ಬರಿಗೈಯಲ್ಲಿರಲಿಲ್ಲ.

ಇದನ್ನು ಒಂದೇ ಪಕ್ಷದ ಪಾಪವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗವು ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕಿನ ಕಾಯಿದೆಗೆ ಒಳಪಡುತ್ತವೆಂದು ಆದೇಶಿಸಿತ್ತು. ಸಂಸತ್ತಿನಲ್ಲಿ ಯಾವ ವಿಷಯದಲ್ಲಿಯೂ ಒಂದಾಗದ ಆ ಪಕ್ಷಗಳು ಆದೇಶವನ್ನು ಪಾಲಿಸದಿರುವುದರಲ್ಲಿ ಮಾತ್ರ ಒಂದಾದವು.

ಮಾಹಿತಿಯ ಹಕ್ಕು ಈ ದೇಶದಲ್ಲಿ ಹುಟ್ಟಿದ ಬಗೆಯನ್ನು ನೆನೆದರೆ ಹೆಸರಿನ ಮಹತ್ತ್ವ ತಿಳಿಯುತ್ತದೆ. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನದವರು ಮೊದಲ ಜನಸುನವಾಯಿಯನ್ನು ನಡೆಸಿದರು. ಬಗೆ ಸರಳವಾದುದು. ಕಾಮಗಾರಿಯ ಹಾಜರಿ ಪಟ್ಟಿಯನ್ನು ಊರಿನ ಜನರೆದುರು ಗಟ್ಟಿಯಾಗಿ ಓದುವುದು. ಇಂಥವರು ಇಷ್ಟು ದಿನ ದುಡಿದು ಇಷ್ಟು ಕೂಲಿ ಪಡೆದರೆಂದು ಓದಿದೊಡನೆ, ಅವರು ಆ ಕೆಲಸಕ್ಕೆ ಕಾಲಿಟ್ಟವರೇ ಅಲ್ಲವೆಂದು ಸಾಕ್ಷಿ ಹೇಳುವವರು ಆ ಸಭೆಯಲ್ಲಿಯೇ ಇರುತ್ತಿದ್ದರು. ಇಂತಹ ಸಭೆಗಳಲ್ಲಿ ಸತ್ತವರ ಹೆಸರಿನಲ್ಲಿಯೂ ಕೂಲಿ ಬರೆದಿದ್ದುದು ಬಯಲಾಯಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕುಳಿತವರು ಅಕ್ಷರ ಬಾರದ ಕೂಲಿಕಾರರು, ಬೇಸಾಯಗಾರರು. ಕರ್ನಾಟಕವು 2000ದಲ್ಲಿಯೇ ತನ್ನದೇ ಕಾಯಿದೆ ಮಾಡಿಕೊಂಡಿತು. ಇಡೀ ದೇಶಕ್ಕೆ 2005ರ ಕಾಯಿದೆ ಬಂದಿತು.

ಒಟ್ಟು ಮೊತ್ತವನ್ನು ಮಾತ್ರ ಓದಿದ್ದರೆ ಆ ಸಭೆಗಳಲ್ಲಿ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಮೊತ್ತವು ಸುಳ್ಳು ಹೇಳಿದರೂ ಯಾರಿಗೂ ತಿಳಿಯದು. ಹೆಸರು ಸುಳ್ಳಾದರೆ ನೆರೆಮನೆಯವನಿಗೆ ತಿಳಿಯುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ನಡೆಯಬೇಕಾದ ಜಮಾಬಂದಿಯ ಜೀವವೂ ಇದರಲ್ಲಿಯೇ ಇದೆ. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಮೇಲೆ ದೂರು ಬಂದಾಗ ಭಂಡಾರವನ್ನು ತೆರೆದು ಎಣಿಸಲಾಯಿತೆಂದು ಶರಣ ಪರಂಪರೆಯ ಕಾವ್ಯಗಳು ಹೇಳುತ್ತವೆ. ಲೆಕ್ಕ ಕೇಳಿದ್ದನ್ನು ಅವಮಾನವೆಂದು ಅಲ್ಲಿ ಯಾರೂ ಭಾವಿಸಿದಂತಿಲ್ಲ.

ಇಂತಹ ಕಾಯಿದೆಗೆ ಈಚೆಗೆ ಬಿದ್ದಿರುವ ಪೆಟ್ಟುಗಳು ಸಣ್ಣವಲ್ಲ. ಮಾಹಿತಿ ಆಯುಕ್ತರಿಗೆ ಐದು ವರ್ಷಗಳ ನಿಶ್ಚಿತ ಅವಧಿಯಿತ್ತು. 2019ರ ತಿದ್ದುಪಡಿಯು ಅವಧಿ, ವೇತನ ಎರಡನ್ನೂ ಕೇಂದ್ರ ಸರ್ಕಾರದ ಕೈಗೆ ಕೊಟ್ಟಿತು, ಅವಧಿ ಮೂರು ವರ್ಷಕ್ಕಿಳಿಯಿತು. ಇದಕ್ಕಿಂತಲೂ ಆಳವಾದ ಪೆಟ್ಟು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯದು. ಅದರ 44(3)ನೆಯ ವಿಧಿಯು 2025ರ ನವೆಂಬರಿನಲ್ಲಿ ಜಾರಿಗೆ ಬಂದಿತು. ವೈಯಕ್ತಿಕ ಮಾಹಿತಿಯಾದರೂ ಸಾರ್ವಜನಿಕ ಕಾರ್ಯಕ್ಕೆ ಸಂಬಂಧಿಸಿದ್ದರೆ ಕೊಡಬೇಕೆಂಬ ಅರ್ಥವಿದ್ದ ಹಳೆಯ ವಾಕ್ಯವೂ, ಸಂಸತ್ತಿಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲವೆಂಬ ಸೊಗಸಾದ ಮಾತೂ ಈಗ ಹೊರಟುಹೋಗಿವೆ. ವೈಯಕ್ತಿಕವೆಂಬ ಒಂದು ಪದವಷ್ಟೇ ಉಳಿದಿದೆ. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡಲು 8(2)ನೆಯ ಕಲಮು ಇನ್ನೂ ಇದೆಯಲ್ಲವೇ ಎಂದು ಸರ್ಕಾರ ಸಮಾಧಾನ ಹೇಳುತ್ತದೆ. ಇದೆ, ನಿಜ. ಆದರೆ ಹಿತವು ಹಾನಿಗಿಂತ ಹೆಚ್ಚೆಂದು ತೂಗಿ ನೋಡುವ ಕೆಲಸ ಕಚೇರಿಯ ಅಧಿಕಾರಿಯದೇ. ಕೊಡಲೊಲ್ಲದವನ ಕೈಗೆ ತಕ್ಕಡಿ ಕೊಟ್ಟ ಮೇಲೆ ತೂಕದ ಮಾತೇನು?

ಖಾಸಗಿ ಬದುಕಿಗೆ ರಕ್ಷಣೆ ಬೇಡವೆಂದು ಯಾರೂ ಹೇಳರು. ರೋಗಿಯ ಕಾಗದ, ಹೆಣ್ಣುಮಗಳ ಫೋನ್ ಸಂಖ್ಯೆ ಬೀದಿಗೆ ಬರಬಾರದು. ಆದರೆ ಸರ್ಕಾರದ ಹಣದಿಂದ ಮನೆ ಪಡೆದವರ ಪಟ್ಟಿ, ಗುತ್ತಿಗೆ ಪಡೆದವನ ಹೆಸರು, ಬಿಲ್ಲಿಗೆ ಸಹಿ ಹಾಕಿದ ಅಧಿಕಾರಿಯ ಹೆಸರು ಯಾರ ಖಾಸಗಿ ಬದುಕು?

ಇಂದಿಗೂ ಆ ಗೃಹಸ್ಥನು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಊರ ರಸ್ತೆಯ ಖರ್ಚಿನ ಬಗ್ಗೆ ಅರ್ಜಿ ಬರೆಯುತ್ತಾನೆ. ಮೂವತ್ತು ದಿನ ಕಾಯುತ್ತಾನೆ. ಉತ್ತರವಿಲ್ಲದಿದ್ದರೆ ಮೊದಲ ಮೇಲ್ಮನವಿ, ಅನಂತರ ಆಯೋಗಕ್ಕೆ ಎರಡನೆಯದು. ಆ ಎರಡನೆಯದನ್ನು ಇಷ್ಟು ದಿನದೊಳಗೆ ತೀರಿಸಬೇಕೆಂದು ಕಾಯಿದೆಯು ಎಲ್ಲಿಯೂ ಹೇಳಿಲ್ಲ. ವಿಚಾರಣೆಯ ನೋಟೀಸು ಕೈಸೇರುವ ಹೊತ್ತಿಗೆ ಅವನು ಕೇಳಿದ್ದ ರಸ್ತೆ ಕಿತ್ತುಹೋಗಿ ಹೊಸ ಡಾಂಬರು ಬಿದ್ದಿರುತ್ತದೆ, ಬದಿಯ ಫಲಕದಲ್ಲಿ ಶಾಸಕರ ಹೆಸರು, ಸಂಸದರ ಹೆಸರು ದಪ್ಪ ಅಕ್ಷರಗಳಲ್ಲಿ ಹೊಳೆಯುತ್ತಿರುತ್ತವೆ. ಗುತ್ತಿಗೆದಾರನ ಹೆಸರಿರಬೇಕಾದ ಸಾಲು ಮಾತ್ರ ಖಾಲಿ.