ಒಂದು ಗಿಡ, ಒಂದು ಇರುವೆ, ಒಂದು ಚಿಟ್ಟೆ

ಈ ಸಲ ಬ್ರೆಂಟನ್ ಬ್ಲೂ ಅನ್ನೋ ಪುಟ್ಟ ನೀಲಿ ಚಿಟ್ಟೆಯ ವಿಷಯ. ಇದರ ಊರು ದಕ್ಷಿಣ ಆಫ್ರಿಕಾದ ನೈಸ್ನಾ ಹತ್ತಿರದ ಕರಾವಳಿ. ಅಂಗೈ ಮೇಲೆ ಎರಡು ಮೂರು ಆರಾಮಾಗಿ ಕೂರಬಹುದು, ಅಷ್ಟೇ ಗಾತ್ರ.

ಅದರ ಬದುಕು ಮಾತ್ರ ಬಹಳ ಸೂಕ್ಷ್ಮ. ಹೆಣ್ಣು ಮೊಟ್ಟೆ ಇಡೋದು ಇಂಡಿಗೋಫೆರಾ ಎರೆಕ್ಟಾ ಅನ್ನೋ ಒಂದೇ ಗಿಡದ ಮೇಲೆ. ನಮ್ಮಲ್ಲಿ ಬಟ್ಟೆಗೆ ಬಣ್ಣ ಕೊಡುತ್ತಿದ್ದ ನೀಲಿ ಗಿಡದ ದಾಯಾದಿ ಅದು. ಮರಿಹುಳು ಮೊದಲು ಎಲೆ ತಿನ್ನುತ್ತದೆ. ಸ್ವಲ್ಪ ಬೆಳೆದ ಮೇಲೆ ಮಣ್ಣಿನೊಳಗೆ ಇಳಿದು ಬೇರು ತಿನ್ನುತ್ತದೆ. ಅಲ್ಲಿ ಒಂದು ಜಾತಿಯ ಇರುವೆ ಅದಕ್ಕೆ ಕಾವಲು. ಹುಳುವಿನ ಮೈಯಿಂದ ಒಸರುವ ಸಿಹಿ ರಸವೇ ಇರುವೆಗೆ ಕೂಲಿ. ಗಿಡ ಇದ್ದು ಇರುವೆ ಇಲ್ಲದಿದ್ದರೆ ಚಿಟ್ಟೆ ಇಲ್ಲ. ಇರುವೆ ಇದ್ದು ಗಿಡ ಇಲ್ಲದಿದ್ದರೂ ಇಲ್ಲ.

1862ರಲ್ಲಿ ರೋಲಂಡ್ ಟ್ರೈಮನ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. 1977ರಲ್ಲಿ ನೇಚರ್ಸ್ ವ್ಯಾಲಿಯಲ್ಲಿ ಸಿಕ್ಕಿತು, ಕೆಲವು ವರ್ಷಗಳಲ್ಲಿ ಅಲ್ಲಿಂದಲೂ ಮಾಯ. 1991ರಲ್ಲಿ ಬ್ರೆಂಟನ್-ಆನ್-ಸೀ ಅನ್ನೋ ಊರಲ್ಲಿ ಮತ್ತೆ ಕಂಡಿತು. ಅಷ್ಟರಲ್ಲಿ ಆ ಜಾಗದಲ್ಲಿ ಮನೆ ಕಟ್ಟುವ ಯೋಜನೆ! ಚಿಟ್ಟೆಪ್ರಿಯರು ಹಟ ಹಿಡಿದರು, ಸರ್ಕಾರವೇ ಜಾಗ ಕೊಂಡಿತು. 2003ರಲ್ಲಿ ಅದು ಚಿಟ್ಟೆಯ ಹೆಸರಿನಲ್ಲೇ ಮೀಸಲು ಪ್ರದೇಶವಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 2017ರ ಜೂನ್‌ನಲ್ಲಿ ನೈಸ್ನಾ ಸುತ್ತ ಭಾರಿ ಕಾಳ್ಗಿಚ್ಚು. ಮೀಸಲು ಪ್ರದೇಶವೂ ಸುಟ್ಟುಹೋಯಿತು. ಬೇರು ಉಳಿದಿದ್ದ ಗಿಡಗಳು ಮತ್ತೆ ಚಿಗುರಿದವು. ಆ ನವೆಂಬರ್‌ನಲ್ಲಿ ಕೆಲವು ಚಿಟ್ಟೆಗಳೂ ಕಂಡವು. ನಂತರದ ವರ್ಷಗಳಲ್ಲಿ ಹುಡುಕಿದವರಿಗೆ ಸಿಕ್ಕಿಲ್ಲ.

ನಾನು ಕೆಲಸ ಮಾಡೋದು ಸಾಫ್ಟ್‌ವೇರ್‌ನಲ್ಲಿ. ಡೇಟಾ ಎಲ್ಲ ಒಂದೇ ಸರ್ವರ್‌ನಲ್ಲಿ ಇದ್ದರೆ ನಮಗೆ ರಾತ್ರಿ ನಿದ್ದೆ ಬರಲ್ಲ, ಇನ್ನೊಂದು ಊರಲ್ಲಿ ನಕಲು ಇಟ್ಟೇ ಇಡುತ್ತೇವೆ. ಈ ಚಿಟ್ಟೆಗೆ ನೇಚರ್ಸ್ ವ್ಯಾಲಿ ಹೋದ ದಿನವೇ ಬ್ಯಾಕಪ್ ಹೋಗಿತ್ತು. ಉಳಿದ ಒಂದು ಜಾಗಕ್ಕೆ ಜನ ಬೇಲಿ ಹಾಕಿದರು, ಕಾನೂನು ತಂದರು, ಮುತುವರ್ಜಿಯಿಂದ ನೋಡಿಕೊಂಡರು. ಯಾರೂ ತಪ್ಪು ಮಾಡಲಿಲ್ಲ. ಆದರೂ ಒಂದು ಬೆಂಕಿ ಸಾಕಾಯಿತು.

ಯಾವುದಾದರೂ ಜೀವಿ ‘ಇಲ್ಲಿ ಮಾತ್ರ ಸಿಗುತ್ತದೆ’ ಅಂತ ಓದಿದಾಗ ನನಗೆ ಮೊದಲೆಲ್ಲ ಹೆಮ್ಮೆಯ ವಿಷಯ ಅನ್ನಿಸುತ್ತಿತ್ತು. ಈಗ ಸ್ವಲ್ಪ ಭಯ ಆಗುತ್ತೆ.