ಅಲರ್ಟ್ ಬರಲಿಲ್ಲ ಅಂದ್ರೆ ಊರಾಗ ಹುಡುಗ್ರೇ ಇಲ್ಲ ಅಂತಲ್ಲ

ಹೋದ ತಿಂಗಳು ಒಂದು ಶನಿವಾರ ಸಂಜೆ ಗೆಳೆಯನ ಫೋನ್ ಬಂತು. ಹುಬ್ಬಳ್ಳಿಯಲ್ಲಿ ಎಚ್‌ಆರ್ ಆಗಿದ್ದಾನೆ. ಅವನ ಕಂಪನಿಯದು ವಿಂಡ್‌ಮಿಲ್ ನಿರ್ವಹಣೆ ಕೆಲಸ. ಗಜೇಂದ್ರಗಡದ ಗುಡ್ಡದ ಮೇಲೆ ತಿರುಗೋ ವಿಂಡ್‌ಮಿಲ್‌ಗಳನ್ನ ಆ ದಾರಿಯಲ್ಲಿ ಹೋದವರೆಲ್ಲ ನೋಡಿರ್ತೀರಿ. ಅಲ್ಲಿಗೆ ಆರು ಜನ ಟೆಕ್ನಿಷಿಯನ್ ಬೇಕಾಗಿದ್ರು.

“ಲೇ ದೋಸ್ತ, ಸಾಫ್ಟ್‌ವೇರ್‌ನಾಗ ಅಲರ್ಟ್ ಇಟ್ಟು ಹದಿನೈದು ದಿನ ಆತು. ಬಂದಿದ್ದು ಎರಡೇ ಹೆಸ್ರು, ಇಬ್ರೂ ಧಾರವಾಡದವ್ರು. ನಿಮ್ಮ ರೋಣ, ನರಗುಂದ, ಗಜೇಂದ್ರಗಡ ಕಡೆ ಐಟಿಐ ಮಾಡಿದ ಹುಡುಗ್ರೇ ಇಲ್ಲೇನೋ? ಸೋಮವಾರ ರಿಪೋರ್ಟ್ ಕೊಡ್ಬೇಕು. ‘ಸ್ಥಳೀಯರು ಸಿಗ್ತಿಲ್ಲ’ ಅಂತ ಬರದು ಹೊರಗಿನವ್ರನ್ನ ಕರಸ್ತೀವಿ.”

ನನಗೆ ಚುರ್ ಅಂತು. ರೋಣದಲ್ಲಿ ನಮ್ಮ ಓಣಿಯೊಳಗೇ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಕೂತವರು ಮೂವರಿದ್ದಾರೆ. ‘ಸಿಗ್ತಿಲ್ಲ’ ಅಂತ ಒಮ್ಮೆ ರಿಪೋರ್ಟ್‌ನಲ್ಲಿ ಬಿದ್ದರೆ ಮುಂದಿನ ವರ್ಷ ಅದನ್ನೇ ನೋಡಿ ಮತ್ತೊಬ್ಬರು ಹುಡುಕೋದನ್ನೇ ಬಿಡ್ತಾರೆ. “ನೀ ಏನು ಸರ್ಚ್ ಹಾಕೀಯೋ ಅದರ ಸ್ಕ್ರೀನ್‌ಶಾಟ್ ಕಳಸು” ಅಂದೆ.

ಅಲರ್ಟ್ ಅಂದರೆ ಮಾಯೆ ಏನಲ್ಲ. ನೀವು ಒಮ್ಮೆ ಹುಡುಕಿದ ಪ್ರಶ್ನೆಯನ್ನ ಸೇವ್ ಮಾಡಿ ಇಡ್ತೀರಿ. ಸಾಫ್ಟ್‌ವೇರ್ ಅದೇ ಪ್ರಶ್ನೆಯನ್ನ ದಿನಕ್ಕೋ ವಾರಕ್ಕೋ ಒಮ್ಮೆ ತಾನೇ ಕೇಳಿ, ಹೊಸದಾಗಿ ಸಿಕ್ಕ ಹೆಸರನ್ನ ಮೇಲ್ ಮಾಡ್ತದೆ. ಪ್ರಶ್ನೆ ತಪ್ಪಿದ್ದರೆ ದಿನಾ ತಪ್ಪನ್ನೇ ಕೇಳ್ತದೆ, ಅಷ್ಟೇ. ಗೆಳೆಯನ ಸರ್ಚ್‌ನಲ್ಲಿ ಐದು ಕಡೆ ಎಡವಟ್ಟಾಗಿತ್ತು.

ಮೊದಲನೇದು, ದೂರ. ಆಫೀಸ್ ಹುಬ್ಬಳ್ಳಿಯಲ್ಲಿದೆ ಅಂತ ಅಲ್ಲಿಂದ 50 ಕಿ.ಮೀ. ವ್ಯಾಪ್ತಿ ಇಟ್ಟಿದ್ದ. ನಕ್ಷೆಯ ಮೇಲೆ ನೇರ ಗೆರೆ ಎಳೆದರೂ ರೋಣ, ಗಜೇಂದ್ರಗಡ ಎರಡೂ ಅದರ ಹೊರಗೆ, ನರಗುಂದ ಅಂಚಿನಲ್ಲಿ. ಕೆಲಸ ಇರೋ ಜಾಗವನ್ನೇ ಕೇಂದ್ರ ಮಾಡಬೇಕು. ಗಜೇಂದ್ರಗಡದಿಂದ 50 ಇಟ್ಟರೆ ರೋಣ ಬರ್ತದೆ, ನರಗುಂದಕ್ಕೆ 70 ಬೇಕು. ‘ಗದಗ ಜಿಲ್ಲೆ’ ಅಂತ ಫಿಲ್ಟರ್ ಹಾಕಿದರೂ ಸಾಲದು. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಬಾಗಲಕೋಟೆ ಜಿಲ್ಲೆಯ ಇಳಕಲ್ಲು ಗಜೇಂದ್ರಗಡಕ್ಕೆ ನರಗುಂದಕ್ಕಿಂತ ಹತ್ತಿರ.

ಎರಡನೇದು, ಸ್ಪೆಲ್ಲಿಂಗ್. ಗಜೇಂದ್ರಗಡವನ್ನ ಇಂಗ್ಲಿಷ್‌ನಲ್ಲಿ ಬರೆಯುವಾಗ ಒಬ್ಬರು ಕೊನೆಗೆ ‘ಡಿ’ ಹಾಕ್ತಾರೆ, ಇನ್ನೊಬ್ಬರು ‘ಡಿ-ಎ’, ಮತ್ತೊಬ್ಬರು ‘ಆರ್-ಎಚ್’. ರೋಣಕ್ಕೆ ಆರ್-ಒ-ಎನ್ ಮೂರೇ ಅಕ್ಷರ, ಕೆಲವರು ‘ಎ’ ಸೇರಿಸ್ತಾರೆ. ನರಗುಂದದ ‘ಆರ್’ ಆದಮೇಲೆ ‘ಎ’ ಇದ್ದರೂ ಉಂಟು, ಇಲ್ಲದಿದ್ದರೂ ಉಂಟು. 2014ರ ನವೆಂಬರ್ 1ರಂದು ಸರ್ಕಾರ 12 ನಗರಗಳ ಇಂಗ್ಲಿಷ್ ಹೆಸರು ಬದಲಿಸಿತಲ್ಲ, ಆಗ ‘ಹುಬ್ಳಿ’ ಹೋಗಿ ‘ಹುಬ್ಬಳ್ಳಿ’ ಆಯ್ತು. ಆದರೆ ಹಳೇದನ್ನೇ ಬರೆಯೋರು ಈಗಲೂ ಇದ್ದಾರೆ. ಎಲ್ಲ ರೂಪಗಳನ್ನೂ ಬ್ರಾಕೆಟ್‌ನಲ್ಲಿ ಹಾಕಿ, ನಡುವೆ ದೊಡ್ಡಕ್ಷರದಲ್ಲಿ ‘ಆರ್’ ಅಂದರೆ ‘ಅಥವಾ’ ಕೊಡಬೇಕು. ಗಜೇಂದ್ರಗಡ ಮೊದಲು ರೋಣ ತಾಲ್ಲೂಕಿನಲ್ಲಿತ್ತು. ಹಳೇ ರೆಸ್ಯೂಮೆಗಳಲ್ಲಿ ‘ತಾ: ರೋಣ’ ಅಂತಲೇ ಇರ್ತದೆ, ಅದನ್ನೂ ಬಿಡಬಾರದು.

ಮೂರನೇದು, ಓದು. ‘ಡಿಪ್ಲೊಮಾ’ ಅಂತ ಮಾತ್ರ ಹಾಕಿದ್ದ. ಎಲೆಕ್ಟ್ರಿಷಿಯನ್, ಫಿಟ್ಟರ್ ಟ್ರೇಡ್‌ಗಳು ಐಟಿಐನಲ್ಲಿ ಎರಡು ವರ್ಷದವು. ಡಿಪ್ಲೊಮಾ ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷದ್ದು. ಈ ಕೆಲಸಕ್ಕೆ ಎರಡೂ ನಡೀತದೆ ಅಂತ ಅವನೇ ಹೇಳಿದ, ಸರ್ಚ್‌ಗೆ ಮಾತ್ರ ಹೇಳಿರಲಿಲ್ಲ. ಐಟಿಐ ಅಂತಲೂ, ನಡುವೆ ಚುಕ್ಕಿ ಇಟ್ಟೂ, ‘ಇಂಡಸ್ಟ್ರಿಯಲ್ ಟ್ರೈನಿಂಗ್’ ಅಂತ ಬಿಡಿಸಿಯೂ ಬರೀತಾರೆ. ಮೂರೂ ಬೇಕು.

ನಾಲ್ಕನೇದು, ‘ನಾಟ್ ಫ್ರೆಶರ್’. ಅನುಭವ ಇಲ್ಲದವರು ಬೇಡ ಅಂತ ಅವನ ಲೆಕ್ಕ. ಸಾಫ್ಟ್‌ವೇರ್ ಲೆಕ್ಕ ಬೇರೆ. ರೆಸ್ಯೂಮೆಯಲ್ಲಿ ಎಲ್ಲೇ ‘ಫ್ರೆಶರ್’ ಪದ ಕಂಡರೂ ಹೊರಗೆ. ‘ಫ್ರೆಶರ್ ಆಗಿ ಸೇರಿ ಮೂರು ವರ್ಷ ಕೆಲಸ ಮಾಡಿದೆ’ ಅಂತ ಬರೆದವನೂ ಹೊರಗೆ! ಅನುಭವಕ್ಕೆ ಬೇರೆ ಫಿಲ್ಟರ್ ಇರ್ತದೆ, ಅದನ್ನ ಬಳಸಬೇಕು. ‘ನಾಟ್’ ಹಾಕೋ ಮುಂಚೆ ಎರಡು ಸಲ ಯೋಚನೆ ಮಾಡಿ.

ಐದನೇದು ನನಗೆ ಬಹಳ ಹತ್ತಿರದ್ದು. ‘ಈಗಿನ ಊರು’ ಅನ್ನೋ ಕಾಲಮ್ ಒಂದನ್ನೇ ನೋಡಿದ್ದ. ನಮ್ಮ ಕಡೆ ಕೆಲಸ ಕಲಿತ ಹುಡುಗರು ಊರಲ್ಲಿ ಎಲ್ಲಿ ಇರ್ತಾರೆ? ಪುಣೆ, ಬೆಂಗಳೂರು, ಗೋವಾದಲ್ಲಿ ಇರ್ತಾರೆ. ಅವರಲ್ಲಿ ವಾಪಸ್ ಬರೋಕೆ ಕಾಯ್ತಾ ಇರೋರು ಎಷ್ಟೋ ಮಂದಿ. ‘ಬಯಸುವ ಊರು’ ಕಾಲಮ್ಮನ್ನೂ, ರೆಸ್ಯೂಮೆಯ ಕೊನೆಯಲ್ಲಿರೋ ಕಾಯಂ ವಿಳಾಸವನ್ನೂ ಸರ್ಚ್‌ನೊಳಗೆ ತರಬೇಕು.

ಭಾನುವಾರ ಮಧ್ಯಾಹ್ನ ಫೋನ್‌ನಲ್ಲೇ ಕೂತು ಎಲ್ಲ ಸರಿಮಾಡಿದ್ವಿ. ಸೇವ್ ಮಾಡೋ ಮುಂಚೆ ಒಂದು ಪರೀಕ್ಷೆ ಮಾಡಿದ್ವಿ, ಇದನ್ನ ನೀವೂ ಮಾಡಿ: ಈ ಕೆಲಸಕ್ಕೆ ಸರಿಹೋಗ್ತಾನೆ ಅಂತ ನಿಮಗೆ ಖಾತ್ರಿ ಇರೋ ಒಬ್ಬನ ಪ್ರೊಫೈಲ್ ಈ ಸರ್ಚ್‌ನಲ್ಲಿ ಬರ್ತದಾ ನೋಡಿ. ನಮ್ಮ ಓಣಿಯ ಮೂವರಲ್ಲಿ ಇಬ್ಬರು ಬಂದರು. ಮೂರನೆಯವನು ಬರಲಿಲ್ಲ.

ಅವನಿಗೆ ಫೋನ್ ಮಾಡಿದೆ. “ಅಣ್ಣಾರ, ಝೆರಾಕ್ಸ್ ಅಂಗಡ್ಯಾಗ ಸ್ಕ್ಯಾನ್ ಮಾಡಿಸಿ ಹಾಕೀನ್ರಿ” ಅಂದ. ಅಂದರೆ ರೆಸ್ಯೂಮೆ ಅಲ್ಲ, ರೆಸ್ಯೂಮೆಯ ಫೋಟೊ! ಬಹಳಷ್ಟು ಸಾಫ್ಟ್‌ವೇರ್‌ಗಳಿಗೆ ಫೋಟೊದೊಳಗಿನ ಅಕ್ಷರ ಕಾಣೋದಿಲ್ಲ.

ಹಾಗಾಗಿ ಕೆಲಸ ಹುಡುಕೋರಿಗೂ ನಾಲ್ಕು ಮಾತು. ರೆಸ್ಯೂಮೆ ಟೈಪ್ ಮಾಡಿದ ಫೈಲ್ ಆಗಿರಲಿ. ಪಿಡಿಎಫ್ ತೆರೆದು ಒಂದು ಸಾಲನ್ನ ಕಾಪಿ ಮಾಡೋಕೆ ಬಂದರೆ ಸರಿ ಇದೆ. ಹಳೇ ನುಡಿ ಫಾಂಟ್‌ನಲ್ಲಿ ಕನ್ನಡ ಟೈಪ್ ಮಾಡಿದ್ದರೆ ಸಾಫ್ಟ್‌ವೇರ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಯೂನಿಕೋಡ್ ಬಳಸಿ. ಊರು, ತಾಲ್ಲೂಕು, ಜಿಲ್ಲೆ ಮೂರನ್ನೂ ಬರೀರಿ, ವಾಪಸ್ ಬರೋಕೆ ತಯಾರಿದ್ದರೆ ಅದನ್ನೂ ಬರೀರಿ. ಮತ್ತೆ ತಿಂಗಳಿಗೊಮ್ಮೆ ಪ್ರೊಫೈಲ್ ಅಪ್‌ಡೇಟ್ ಮಾಡಿ. ಅಲರ್ಟ್‌ಗಳು ಹೆಚ್ಚಾಗಿ ಹೊಸದಾಗಿ ಬಂದ, ಇಲ್ಲವೇ ಬದಲಾದ ಪ್ರೊಫೈಲ್‌ಗಳನ್ನೇ ಹೆಕ್ಕೋದು.

ಸೋಮವಾರ ಬೆಳಿಗ್ಗೆ ಗೆಳೆಯನ ಮೆಸೇಜ್ ಬಂತು. 31 ಪ್ರೊಫೈಲ್ ಸಿಕ್ಕಿದ್ದವು, ನೋಡಿ ಜಾಲಾಡಿದ ಮೇಲೆ 19 ಉಳಿದವು. ಅದರಲ್ಲಿ ಒಬ್ಬ ನರಗುಂದದವನು, ಪುಣೆಯಲ್ಲಿ ಇದೇ ಕೆಲಸ ನಾಲ್ಕು ವರ್ಷ ಮಾಡಿದ್ದಾನೆ. ‘ಅಪ್ಪಗ ಆರಾಮಿಲ್ಲ, ಊರ ಹತ್ರ ಬರ್ಬೇಕು’ ಅಂತ ಫೋನ್‌ನಲ್ಲಿ ಹೇಳಿದನಂತೆ. ಆರು ಜನರಲ್ಲಿ ಯಾರನ್ನ ತಗೋತಾರೋ ಅದು ಇಂಟರ್‌ವ್ಯೂಗೆ ಬಿಟ್ಟದ್ದು.

ಮೆಸೇಜಿನ ಕೊನೆಗೆ ಇಷ್ಟು ಬರೆದಿದ್ದ: “ರಿಪೋರ್ಟ್‌ನಾಗ ಆ ಸಾಲು ತಗದೆ.”