ಒಂದೇ ಡಿಸ್ಕ್, ಎರಡು ಒಕ್ಕಲು

ಹಿಟ್ನಾಳದಲ್ಲಿ ಅಣ್ಣತಮ್ಮಂದಿರು ಹೊಲ ಹಂಚಿಕೊಂಡರೆ ನಡುವೆ ಬದು ಬೀಳುತ್ತದೆ, ಪಹಣಿಯಲ್ಲಿ ಪಾಲು ದಾಖಲಾಗುತ್ತದೆ. ಒಂದೇ ಹಾರ್ಡ್ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಆಪರೇಟಿಂಗ್ ಸಿಸ್ಟಂಗಳನ್ನು ಇರಿಸುವುದೂ ಹೀಗೆಯೇ. ಆದರೆ ಡಿಸ್ಕಿನೊಳಗೆ ಕಣ್ಣಿಗೆ ಕಾಣುವ ಬದುವಿಲ್ಲ. ಇರುವುದು ಪಹಣಿಯಂಥ ಪಟ್ಟಿ ಮಾತ್ರ. 1983ರಲ್ಲಿ ಬಂದ ಎಂಬಿಆರ್ ಪದ್ಧತಿಯಲ್ಲಿ ಈ ಪಟ್ಟಿಗೆ ಜಾಗ ಕೇವಲ 64 ಬೈಟು, ಮುಖ್ಯ ಪಾಲುಗಳು ನಾಲ್ಕೇ. ಅದರ ನಂತರ ಬಂದ ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಎಡೆಯುಂಟು. ಪಟ್ಟಿಯ ನಕಲು ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಪಟ್ಟಿ ಕೆಟ್ಟರೆ ಕಡತಗಳು ಇದ್ದೂ ಇಲ್ಲದಂತೆ. ಲಿನಕ್ಸ್ ಹಾಕುವಾಗ ‘ಇಡೀ ಡಿಸ್ಕ್ ಅಳಿಸು’ ಎಂಬುದನ್ನು ಒತ್ತಿದರಂತೂ ವಿಂಡೋಸಿನ ಪಾಲೂ ಹೋಯಿತು. ಆದ್ದರಿಂದ ಪಾಲು ಮಾಡುವ ಮೊದಲು ಮನೆಯ ಫೋಟೊ, ಲೆಕ್ಕಪತ್ರ, ಮಕ್ಕಳ ಅಂಕಪಟ್ಟಿಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ನಕಲು ತೆರೆಯುತ್ತದೆಯೇ ಎಂದೂ ನೋಡಿಕೊಳ್ಳಿ.